ಗೊರಕೆಯ ಲೆಕ್ಕ ಬೆರಳ ತುದಿಯಲ್ಲಿ



ಗೊರಕೆ ಹೊಡೆಯುವವರಿಗೆ ಕುಂಭಕರ್ಣ ಎಂದು ಹೆಸರಿಟ್ಟು ನಕ್ಕು ಸುಮ್ಮನಾಗುವುದು ನಮ್ಮ ಮನೆಗಳಲ್ಲಿ ವಾಡಿಕೆ. ಆದರೆ ಜೋರು ಗೊರಕೆ ಥಟ್ಟನೆ ನಿಂತು, ಸ್ವಲ್ಪ ಹೊತ್ತು ಸದ್ದೇ ಇಲ್ಲದೆ, ಮತ್ತೆ ಉಸಿರು ಕಟ್ಟಿದವರಂತೆ ಶುರುವಾದರೆ ಅದು ನಗುವ ವಿಷಯವಲ್ಲ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುವ ಈ ತೊಂದರೆಯೇ ಸ್ಲೀಪ್ ಆಪ್ನಿಯಾ. 10 ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರು ನಿಂತರೆ, ಇಲ್ಲವೇ ತೀರಾ ಕುಗ್ಗಿದರೆ, ಒಂದು ಎಂದು ಎಣಿಸುತ್ತಾರೆ. ದೊಡ್ಡವರಲ್ಲಿ ಇದು ಗಂಟೆಗೆ 5ರ ಒಳಗಿದ್ದರೆ ಸಾಮಾನ್ಯ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ರಕ್ತದೊತ್ತಡಕ್ಕೂ ಹೃದಯದ ತೊಂದರೆಗೂ ಇದರ ನಂಟಿದೆ. ಹಗಲಿನ ತೂಕಡಿಕೆಯಂತೂ ಹೈವೇಯಲ್ಲಿ ಕಾರು ಓಡಿಸುವವರಿಗೆ ಪ್ರಾಣಕ್ಕೇ ಸಂಚಕಾರ.

ಪೂರ್ತಿ ಪರೀಕ್ಷೆಗೆ ತಲೆ, ಎದೆಗೆಲ್ಲ ವೈರು ಅಂಟಿಸಿಕೊಂಡು ಸ್ಲೀಪ್ ಲ್ಯಾಬಿನಲ್ಲಿ ಒಂದು ರಾತ್ರಿ ಮಲಗಬೇಕು. ಇದಕ್ಕೆ ಹಿಂಜರಿಯುವವರೇ ಹೆಚ್ಚು. ಇಲ್ಲಿ ನೆರವಿಗೆ ಬಂದಿರುವುದು ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್. 1970ರ ದಶಕದಲ್ಲಿ ಜಪಾನಿನ ಟಾಕುವೊ ಅಯೊಯಾಗಿ ಕಂಡುಹಿಡಿದ ತತ್ತ್ವವೇ ಇದಕ್ಕೆ ಆಧಾರ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಹಲವರ ಮನೆಯ ಡ್ರಾಯರಿನಲ್ಲಿ ಈಗಲೂ ಇರಬಹುದು. ಆದರೆ ಎಚ್ಚರವಾಗಿದ್ದಾಗ ಅದು 97 ತೋರಿಸಿತೆಂದು ಸಮಾಧಾನ ಪಡಬೇಡಿ. ಉಸಿರು ನಿಲ್ಲುವುದು ನಿದ್ದೆಯಲ್ಲಿ. ಆದ್ದರಿಂದ ರಾತ್ರಿಯಿಡೀ ದಾಖಲಿಸುವ ಸಾಧನವೇ ಬೇಕು.

ಉಸಿರು ನಿಂತಾಗ ಆಮ್ಲಜನಕ ಕುಸಿಯುತ್ತದೆ, ಉಸಿರಾಡಿದಾಗ ಏರುತ್ತದೆ. ಗ್ರಾಫು ಗರಗಸದ ಹಲ್ಲಿನಂತೆ ಕಾಣುತ್ತದೆ. ಲ್ಯಾಬಿನಲ್ಲಿ ತಜ್ಞರು ಎಣಿಸಿಟ್ಟ ಅನೇಕ ರಾತ್ರಿಗಳ ದಾಖಲೆಯನ್ನು ಕಂಪ್ಯೂಟರಿಗೆ ಕೊಟ್ಟರೆ, ಎಷ್ಟು ಸಲ ಕುಸಿಯಿತು, ಎಷ್ಟು ಆಳಕ್ಕೆ, 90ರ ಕೆಳಗೆ ಎಷ್ಟು ಹೊತ್ತು ಎಂಬುದನ್ನು ಉತ್ತರದೊಡನೆ ಹೋಲಿಸಿ ಕಲಿಯುತ್ತದೆ. ಆಮೇಲೆ ಹೊಸಬರ ಗ್ರಾಫು ನೋಡಿ ತಾನೇ ಅಂದಾಜು ಹೇಳುತ್ತದೆ. ಇದೇ ಮಷೀನ್ ಲರ್ನಿಂಗ್. ಆಮ್ಲಜನಕದ ಏರಿಳಿತ ನೋಡಿ ಎಚ್ಚರಿಸುವ ಸ್ಯಾಮ್‌ಸಂಗ್ ವಾಚಿನ ಸೌಲಭ್ಯಕ್ಕೆ 2024ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ರಾತ್ರಿ ಉಸಿರು ನಿಂತದ್ದನ್ನು ಹೇಳುವವರಿಲ್ಲದ ಒಂಟಿ ಬಾಳಿನವರಿಗೆ ಇಂಥವು ದೊಡ್ಡ ಉಪಕಾರ.

ಆದರೆ ಯಂತ್ರ "ತೊಂದರೆಯಿಲ್ಲ" ಎಂದ ಮಾತ್ರಕ್ಕೆ ಸುಮ್ಮನಾಗಬಾರದು. ಕೆಲವರಲ್ಲಿ ಆಮ್ಲಜನಕ ಹೆಚ್ಚು ಕುಸಿಯದೆಯೇ ನಿದ್ದೆ ಪದೇ ಪದೇ ಒಡೆಯುತ್ತದೆ. ಆಕ್ಸಿಮೀಟರ್ ಬೆಳಕಿನಿಂದ ಅಳೆಯುವುದರಿಂದ ಚರ್ಮದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಅದು ತೋರಿಸದ ಆಮ್ಲಜನಕದ ಕೊರತೆ ಬಿಳಿಯರಿಗಿಂತ ಕಪ್ಪು ವರ್ಣೀಯ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ನಮ್ಮ ಮೈಬಣ್ಣದವರೂ ಇದನ್ನು ನೆನಪಿಡುವುದು ಒಳ್ಳೆಯದು.

ಗೊರಕೆಯ ಜೊತೆ ಹಗಲು ತೂಕಡಿಕೆಯೂ ಇದ್ದರೆ, ವಾಚು ಏನೇ ಹೇಳಲಿ, ಡಾಕ್ಟರನ್ನು ಕಾಣಿ. ಚಿಕಿತ್ಸೆ ಇದೆ: ತೂಕ ಇಳಿಸುವುದು, ಕೆಲವರಿಗೆ ಮಗ್ಗುಲಾಗಿ ಮಲಗುವುದು, ಮತ್ತು 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಪರಿಚಯಿಸಿದ, ಮೂಗಿನ ಮೂಲಕ ಗಾಳಿಯೊತ್ತಡ ಕೊಡುವ ಸಿಪ್ಯಾಪ್ ಯಂತ್ರ. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ಗೊರಕೆಗೂ ಒಮ್ಮೆ ಕಿವಿಗೊಡಿ.

ಎಲ್ಲರಿಗೂ ಸುಖನಿದ್ರೆ ಸಿಗಲಿ!