ಮುಳ್ಳು ಮಧ್ಯದಲ್ಲೇ ಇತ್ತು

ಹೋದ ವರ್ಷ ಏಪ್ರಿಲ್‌ನಲ್ಲಿ ಅಪ್ಪನ ಕಾರು ಶಿರಾಡಿ ಘಾಟಿಯಲ್ಲಿ ನಿಂತುಹೋಯಿತು. ಪುತ್ತೂರಿನಿಂದ ಬೆಂಗಳೂರಿಗೆ ನಮ್ಮನೆಗೆ ಬರ್ತಿದ್ರು. ಪಕ್ಕದಲ್ಲಿ ಅಮ್ಮ, ಹಿಂದಿನ ಸೀಟಿನಲ್ಲಿ ಹಲಸಿನ ಹಪ್ಪಳದ ಡಬ್ಬ, ಕುಚ್ಚಲಕ್ಕಿ ಚೀಲ. ಗುಂಡ್ಯ ದಾಟಿ ಏರು ಶುರುವಾದ ಮೇಲೆ ಟ್ಯಾಂಕರುಗಳ ಹಿಂದೆ ಮುಕ್ಕಾಲು ಗಂಟೆ ಒಂದನೇ ಗೇರು, ಎರಡನೇ ಗೇರು. ಮಧ್ಯಾಹ್ನದ ಬಿಸಿಲು, ಎಸಿ ಆನ್. ಒಮ್ಮೆಲೇ ಬಾನೆಟ್ಟಿನಿಂದ ಬಿಳಿ ಹಬೆ.

ಸಕಲೇಶಪುರದವರೆಗೆ ಕಾರನ್ನು ಎಳೆದುಕೊಂಡು ಹೋಗಬೇಕಾಯಿತು. ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಸಿಲಿಂಡರ್ ಹೆಡ್ ಸೊಟ್ಟಗಾಗಿತ್ತು. ಅದನ್ನು ಫೇಸಿಂಗ್ ಮಾಡಿಸಿ, ವಾಟರ್ ಪಂಪ್ ಬದಲಿಸಿ, ಐದು ದಿನ ಮತ್ತು 23 ಸಾವಿರ ರೂಪಾಯಿ.

ದುಡ್ಡಿನ ವಿಷಯ ಬಿಡಿ. ನಾನು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಈಗಲೂ ಚುಚ್ಚೋದು. "ಟೆಂಪರೇಚರ್ ಮೀಟರ್ ನೋಡ್ಲೇ ಇಲ್ವಾ ಅಪ್ಪ?"

"ನೋಡಿದ್ದೆ ಮಾರಾಯ. ಮುಳ್ಳು ಮಧ್ಯದಲ್ಲೇ ಇತ್ತು. ಮೇಲೆ ಹೋದದ್ದು ಹೊಗೆ ಬರುವಾಗಲೇ."

ನಾನು ನಂಬಲಿಲ್ಲ. "ಇಂಜಿನ್ ಅಷ್ಟು ಬಿಸಿಯಾಗುವಾಗ ಮುಳ್ಳು ಸುಮ್ನೆ ಮಧ್ಯದಲ್ಲಿ ಕೂತಿರುತ್ತಾ?" ಅಂದೆ. ಇಂಜಿನಿಯರಿಂಗ್ ಓದಿದವನ ಗತ್ತು. ಅಪ್ಪ ಮತ್ತೆ ಮಾತಾಡಲಿಲ್ಲ. ಕಾರು ರಿಪೇರಿಯಾಗಿ ಮನೆಗೆ ಬಂದ ಮೇಲೆ ಅದಕ್ಕೊಂದು ಟಾರ್ಪಾಲು ಹೊದೆಸಿ ಶೆಡ್ಡಿನಲ್ಲಿ ನಿಲ್ಲಿಸಿದರು. ಆಮೇಲೆ ಬೆಂಗಳೂರಿಗೆ ಬಂದದ್ದೆಲ್ಲ ಬಸ್ಸಿನಲ್ಲಿ. ಕೇಳಿದರೆ, "ನನಗೆ ಇನ್ನು ಘಾಟಿ ಎಲ್ಲ ಆಗ್ಲಿಕ್ಕಿಲ್ಲ" ಅಂತಿದ್ರು. ಕೆಇಬಿ ಕಾಲದಿಂದ ಲೈನ್‌ಮನ್ ಆಗಿ ಮಳೆಗಾಲದಲ್ಲಿ ಕಂಬ ಹತ್ತಿದ ಮನುಷ್ಯ.

ಸತ್ಯ ಗೊತ್ತಾಗಿದ್ದು ನಾಲ್ಕು ತಿಂಗಳ ನಂತರ, ಅದೂ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ. ಬೇರೇನೋ ತೊಂದರೆ ಹುಡುಕಲು ನನ್ನ ಕಾರಿನ ಓಬಿಡಿ ಪೋರ್ಟಿಗೆ ಒಂದು ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದ್ದೆ. ಸ್ಟೀರಿಂಗ್ ಕೆಳಗೆ ಇರುವ ಆ ಪೋರ್ಟಿನಲ್ಲಿ ಇಂಜಿನ್ ಕಂಪ್ಯೂಟರನ್ನು ನೇರವಾಗಿ ಮಾತಾಡಿಸಬಹುದು. ಕೂಲಂಟ್ ತಾಪಮಾನ ಕೇಳಿದರೆ ಅದು ಒಂದೇ ಒಂದು ಬೈಟ್ ಕಳಿಸುತ್ತದೆ. ಅದರಿಂದ 40 ಕಳೆದರೆ ಸೆಲ್ಸಿಯಸ್. ಸೊಗಸಾದ ಪ್ರೋಟೋಕಾಲ್. ಟ್ರಾಫಿಕ್ಕಿನಲ್ಲಿ ಕೂತು ಮೊಬೈಲಿನಲ್ಲಿ ಆ ಅಂಕಿ ನೋಡ್ತಿದ್ದೆ. 84 ಇದ್ದದ್ದು 90 ಆಯ್ತು, 97 ಆಯ್ತು, ಫ್ಯಾನ್ ಶುರುವಾಗುವ ಮುಂಚೆ 102 ಆಯ್ತು. ಡ್ಯಾಶ್‌ಬೋರ್ಡಿನ ಮುಳ್ಳು? ಮಧ್ಯದಲ್ಲೇ. ಒಂದು ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಎಷ್ಟೋ ಕಾರುಗಳಲ್ಲಿ ಮುಳ್ಳನ್ನು ಬೇಕೆಂದೇ ಹೀಗೆ ಮಾಡಿರುತ್ತಾರೆ. ಸುಮಾರು 75ರಿಂದ 105 ಡಿಗ್ರಿಯವರೆಗೆ ಎಷ್ಟೇ ಇದ್ದರೂ ಮುಳ್ಳು ನಡುವೆ ನಿಲ್ಲುತ್ತದೆ. ಇಂಜಿನ್ ಬಿಸಿ ಏರು ಇಳಿತಕ್ಕೆ ತಕ್ಕ ಹಾಗೆ ಸ್ವಲ್ಪ ಹೆಚ್ಚುಕಮ್ಮಿ ಆಗ್ತಾನೇ ಇರುತ್ತೆ. ಅದನ್ನೆಲ್ಲ ತೋರಿಸಿದರೆ ಗ್ರಾಹಕರು ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಓಡಿ ಬರ್ತಾರೆ ಅನ್ನೋದು ಲೆಕ್ಕ. ನಾವೂ ಆಫೀಸಿನಲ್ಲಿ ಇದನ್ನೇ ಮಾಡ್ತೀವಲ್ಲ, ಬಳಕೆದಾರರಿಗೆ ಕಿರಿಕಿರಿಯಾಗದಿರಲಿ ಅಂತ ಎರರ್‌ಗಳನ್ನು ಮುಚ್ಚಿಟ್ಟು "ಎಲ್ಲಾ ಸರಿಯಾಗಿದೆ" ಅನ್ನೋ ಹಸಿರು ಟಿಕ್ ತೋರಿಸೋದು. ಹೊಸ ಕಾರುಗಳಲ್ಲಂತೂ ಎಷ್ಟೋ ಕಡೆ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಕೈಮೀರಿದ ಮೇಲೆ ಕೆಂಪು ದೀಪ.

ಅಂದರೆ ಅಪ್ಪ ಸುಳ್ಳು ಹೇಳಿರಲಿಲ್ಲ. ಮೈಮರೆತೂ ಇರಲಿಲ್ಲ.

ಅವರ ಕಾರಿಗೆ ನಿಜ ಹೇಳುವ ಗೇಜ್ ಒಂದನ್ನು ಹಾಕಿಕೊಡೋಣ ಅಂತ ತೀರ್ಮಾನ ಮಾಡಿದೆ. ಬ್ಲೂಟೂತ್ ಅಡಾಪ್ಟರ್ ಸುಲಭವಿತ್ತು. ಆದರೆ ಅಪ್ಪನ ಕಾರು 2009ರದ್ದು, ನನ್ನ ಅಡಾಪ್ಟರ್‌ಗೆ ಅದು ಉತ್ತರವನ್ನೇ ಕೊಡಲಿಲ್ಲ. ಕೊಟ್ಟಿದ್ದರೂ ಘಾಟಿಯ ತಿರುವಿನಲ್ಲಿ ಆ್ಯಪ್ ತೆಗೆದು ನೋಡುವವರಲ್ಲ ಅವರು. ಅವರಿಗೆ ಬೇಕಾದದ್ದು ಮುಳ್ಳು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಶನಿವಾರ ಸುತ್ತಿ 52 ಮಿಲಿಮೀಟರ್ ಅಗಲದ ಗೇಜ್, ಅದರ ಸೆನ್ಸರ್, ರೇಡಿಯೇಟರ್ ಹೋಸ್ ಮಧ್ಯೆ ಕೂರಿಸುವ ಅಲ್ಯೂಮಿನಿಯಂ ಅಡಾಪ್ಟರ್, ನಾಲ್ಕು ಹೋಸ್ ಕ್ಲಿಪ್ ತಂದೆ. ಅಂಗಡಿಯವರು "ಎಲ್ಲಾ ಸಣ್ಣ ಕಾರಿಗೂ ಇದೇ ಸಾರ್" ಅಂತ 32 ಮಿಲಿಮೀಟರಿನ ಅಡಾಪ್ಟರ್ ಕೊಟ್ಟಿದ್ದರು. ಊರಿಗೆ ಹೋಗಿ ಅಳೆದರೆ ಹೋಸ್ 28. ಮತ್ತೆ ತರಿಸಲು ಒಂದು ವಾರ. ನೀವು ಮಾಡುವುದಾದರೆ ಮೊದಲು ಹೋಸಿನ ಒಳ ಅಳತೆ ತೆಗೆದುಕೊಳ್ಳಿ, ಆಮೇಲೆ ಅಂಗಡಿಗೆ ಹೋಗಿ.

ಹಾಕುವ ಮುಂಚೆ ಗೇಜನ್ನೇ ಪರೀಕ್ಷೆ ಮಾಡಬೇಕು. ಸೆನ್ಸರ್ ಒಳಗಿರುವುದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಮ್ಮಿಯಾಗುವ ಒಂದು ಸಣ್ಣ ಥರ್ಮಿಸ್ಟರ್. ಅಮ್ಮನ ಹಾಲಿನ ಪಾತ್ರೆಯಲ್ಲಿ ನೀರು ಕುದಿಸಿ, ಸೆನ್ಸರಿನ ತುದಿ ಮುಳುಗಿಸಿ, ಹಳೇ ಬ್ಯಾಟರಿಯಿಂದ ಕರೆಂಟ್ ಕೊಟ್ಟೆ. ಸೆನ್ಸರಿನ ಮೈಗೆ ಒಂದು ಕ್ಲಿಪ್ ಹಾಕಿ ಬ್ಯಾಟರಿಯ ನೆಗೆಟಿವ್‌ಗೆ ಜೋಡಿಸಿದ್ದೆ. ಈ ಕ್ಲಿಪ್ ನೆನಪಿಟ್ಟುಕೊಳ್ಳಿ. ಮುಳ್ಳು 99ಕ್ಕೆ ಬಂದು ನಿಂತಿತು. ಪುತ್ತೂರಿನಲ್ಲಿ ಅದು ಸರಿ. ಬೆಂಗಳೂರಿನಲ್ಲಾದರೆ 97ರ ಹತ್ತಿರವೇ ನೀರು ಕುದಿಯುತ್ತೆ, 900 ಮೀಟರ್ ಎತ್ತರದಲ್ಲಿದ್ದೀವಲ್ಲ. ಅಮ್ಮ ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಸೇರಿಸಲಿಲ್ಲ. ಈಗ ಅದು ಬಚ್ಚಲಲ್ಲಿದೆ.

ಮರುದಿನ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಕೆಲಸ ಶುರು. ಬಿಸಿ ಇಂಜಿನ್ನಿನ ರೇಡಿಯೇಟರ್ ಕ್ಯಾಪ್ ಯಾವತ್ತೂ ತೆಗೆಯಬೇಡಿ. ಒಳಗಿನ ಕೂಲಂಟ್ ಒತ್ತಡದಲ್ಲಿರುತ್ತೆ, ಅದಕ್ಕೇ 100 ದಾಟಿದರೂ ಕುದಿಯದೆ ಇರುತ್ತೆ. ಕ್ಯಾಪ್ ತೆಗೆದ ಕೂಡಲೇ ಒತ್ತಡ ಹೋಗಿ ಒಮ್ಮೆಲೇ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಕೂಲಂಟ್ ಇಳಿಸಿ, ಇಂಜಿನ್‌ನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಕತ್ತರಿಸಿ, ಮಧ್ಯೆ ಅಡಾಪ್ಟರ್ ಕೂರಿಸಿದೆ. ವೈರನ್ನು ಈಗಾಗಲೇ ಇದ್ದ ರಬ್ಬರ್ ಬೂಚಿನ ತೂತಿನಿಂದ ಒಳಗೆಳೆದೆ. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಜಾಗದಿಂದ ಫ್ಯೂಸ್ ಹಾಕಿ ಲೈನ್ ತೆಗೆದೆ. ಅಪ್ಪ ಚಾವಡಿಯಲ್ಲಿ ಕೂತು ಪೇಪರ್ ಓದ್ತಿದ್ರು, ಓದುವವರಂತೆ.

ಇಂಜಿನ್ ಸ್ಟಾರ್ಟ್ ಮಾಡಿದೆ. ಐದು ನಿಮಿಷ, ಹತ್ತು ನಿಮಿಷ. ಹೋಸ್ ಕೈಗೆ ಸುಡುವಷ್ಟು ಬಿಸಿ. ಹೊಸ ಗೇಜಿನ ಮುಳ್ಳು ತಳದಲ್ಲೇ.

ಎರಡು ಗಂಟೆ ಹುಡುಕಿದೆ. ಕನೆಕ್ಟರ್ ಬಿಚ್ಚಿ ಹಾಕಿದೆ, ಗೇಜ್ ಬಿಚ್ಚಿದೆ, ಮಲ್ಟಿಮೀಟರಿನಲ್ಲಿ ಪ್ರತಿ ವೈರ್ ನೋಡಿದೆ. ಎಲ್ಲಾ ಸರಿ. ಸೆನ್ಸರೇ ಸತ್ತಿದೆ ಅಂತ ಹೊರಟವನಿಗೆ ಹಿಂದಿನಿಂದ ಅಪ್ಪನ ದನಿ: "ಅದಕ್ಕೆ ಅರ್ಥ್ ಎಲ್ಲಿ ಕೊಟ್ಟದ್ದು ನೀನು?"

"ಸೆನ್ಸರಿನ ಮೈಯೇ ಅರ್ಥ್ ಅಪ್ಪ. ಸ್ಕ್ರೂ ಮಾಡಿದ ಕಡೆ ಸಿಗುತ್ತೆ."

"ಎಲ್ಲಿಗೆ ಸ್ಕ್ರೂ ಮಾಡಿದ್ದಿ?"

ಆಗ ಹೊಳೆಯಿತು. ಇಂಜಿನ್ ಬ್ಲಾಕಿಗೆ ನೇರ ಸ್ಕ್ರೂ ಮಾಡಿದ್ದರೆ ಅರ್ಥ್ ಸಿಗ್ತಿತ್ತು. ನಾನು ಕೂರಿಸಿದ ಅಡಾಪ್ಟರ್ ಎರಡೂ ಬದಿ ರಬ್ಬರ್ ಹೋಸ್ ಇರುವ ಒಂದು ದ್ವೀಪ. ಪಾತ್ರೆಯಲ್ಲಿ ಕೆಲಸ ಮಾಡಿದ್ದು ಆ ಕ್ಲಿಪ್ಪಿನಿಂದ. ಅಪ್ಪ ಶೆಡ್ಡಿನಿಂದ ಒಂದು ಮೊಳ ತಾಮ್ರದ ವೈರ್ ತಂದು, ಎರಡೂ ತುದಿಗೆ ಲಗ್ ಒತ್ತಿ, ಅಡಾಪ್ಟರಿನಿಂದ ಇಂಜಿನ್ ಬೋಲ್ಟಿಗೆ ಬಿಗಿದರು. ಮುಳ್ಳು ಎದ್ದು 86ಕ್ಕೆ ಬಂತು. ಅಪ್ಪ ಏನೂ ಹೇಳಲಿಲ್ಲ, ಕೈ ಒರೆಸಿಕೊಂಡು ಒಳಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದು, "ರಾತ್ರಿ ಇದರ ಬೆಳಕು ಕಣ್ಣಿಗೆ ಹೊಡೀಲಿಕ್ಕಿಲ್ಲ ಅಲ್ವಾ?" ಅಂತ ಕೇಳಿದರು.

ಸಂಜೆ ಇಂಜಿನ್ ತಣ್ಣಗಾದ ಮೇಲೆ ಇನ್ನೊಂದು ಕೆಲಸ ಬಾಕಿ ಇತ್ತು, ಒಳಗೆ ಸಿಕ್ಕಿದ ಗಾಳಿ ತೆಗೆಯೋದು. ಹಲವರು ಇದನ್ನೇ ಮರೆಯುತ್ತಾರೆ. ಕ್ಯಾಪ್ ತೆಗೆದಿಟ್ಟೇ ಸ್ಟಾರ್ಟ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಥರ್ಮೋಸ್ಟಾಟ್ ತೆರೆದು ಗುಳ್ಳೆಗಳೆಲ್ಲ ಬರುವ ತನಕ ಕಾದು, ಕಮ್ಮಿಯಾದಷ್ಟು ಕೂಲಂಟ್ ತುಂಬಿದೆ. ನಲ್ಲಿ ನೀರಲ್ಲ, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿದ್ದು.

ಮರುವಾರ ಘಾಟಿ ಹತ್ತಿದೆವು. ಸ್ಟೀರಿಂಗ್ ಅಪ್ಪನ ಕೈಯಲ್ಲಿ, ನಾನು ಪಕ್ಕದಲ್ಲಿ. ಉಪ್ಪಿನಂಗಡಿ, ನೆಲ್ಯಾಡಿ ತನಕ 87, 88. ಗುಂಡ್ಯ ಆದ ಮೇಲೆ ಒಂದು ಟ್ಯಾಂಕರ್ ಸಿಕ್ಕಿತು. 93. 96. ನಾನು ಎರಡೂ ಮುಳ್ಳು ನೋಡ್ತಾ ಕೂತಿದ್ದೆ. 101 ಆದಾಗಲೂ ಕಂಪನಿಯ ಮುಳ್ಳು ಮಧ್ಯದಲ್ಲೇ.

"ಅಪ್ಪ, ಅವತ್ತು ನೀವು ಹೇಳಿದ್ದು ಸರಿ ಇತ್ತು. ನಾನೇ ಸುಮ್ನೆ..."

"ಎಸಿ ಆಫ್ ಮಾಡುವ. ನಿನ್ನ ಬದಿಯ ಗ್ಲಾಸ್ ಇಳಿಸು."

ಇಳಿಸಿದೆ. ಎರಡು ತಿರುವು ಕಳೆಯುವುದರೊಳಗೆ 95ಕ್ಕೆ ಬಂತು. ಸಕಲೇಶಪುರದಲ್ಲಿ ಚಹಾ ಕುಡಿಯುವಾಗ ಅವರೇ ನಿಯಮ ಹೇಳಿದರು. 100 ದಾಟಿದರೆ ಎಸಿ ಬಂದ್, 105 ದಾಟಿದರೆ ಹೀಟರ್ ಆನ್, 110 ಆದರೆ ಬದಿಗೆ ನಿಲ್ಲಿಸಿ ಇಂಜಿನ್ ಆಫ್. ಹೀಟರ್ ಎಂದರೆ ಇನ್ನೊಂದು ಸಣ್ಣ ರೇಡಿಯೇಟರ್ ಇದ್ದ ಹಾಗೆ, ಇಂಜಿನ್ನಿನ ಬಿಸಿಯನ್ನು ಒಳಗೆ ಎಳೆದುಕೊಳ್ಳುತ್ತೆ. ನಾವು ಬೇಯುತ್ತೇವೆ, ಇಂಜಿನ್ ಉಳಿಯುತ್ತೆ.

ಒಂದು ವಿಷಯ ಮಾತ್ರ ಅಪ್ಪನಿಗೆ ಮೂರು ಸಲ ಹೇಳಿದ್ದೇನೆ, ನಿಮಗೂ ಹೇಳ್ತೀನಿ. ಗೇಜ್ ಅಳೆಯುವುದು ಕೂಲಂಟಿನ ಬಿಸಿಯನ್ನು, ಇಂಜಿನ್ನಿನ ಬಿಸಿಯನ್ನಲ್ಲ. ಕೂಲಂಟೇ ಸೋರಿಹೋದರೆ ಸೆನ್ಸರ್ ಖಾಲಿ ಗಾಳಿಯಲ್ಲಿ ಕೂತು ಕಮ್ಮಿ ತೋರಿಸಬಹುದು. ಏರಿನಲ್ಲಿ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೂ ನಿಲ್ಲಿಸಿ. ಹೊರಡುವ ಮುಂಚೆ ಬಾಟಲಿಯಲ್ಲಿ ಕೂಲಂಟ್ ಮಟ್ಟ ನೋಡುವ ಕೆಲಸ ಯಾವ ಗೇಜ್ ಹಾಕಿದರೂ ತಪ್ಪಲ್ಲ. ವಾರಂಟಿ ಇರುವ ಹೊಸ ಕಾರಿನಲ್ಲಿ ಹೋಸ್ ಕತ್ತರಿಸಲು ಹೋಗಬೇಡಿ, ಅಲ್ಲಿ ಓಬಿಡಿ ಅಡಾಪ್ಟರೇ ಸಾಕು.

ಅಪ್ಪನ ಕಾರಿನಲ್ಲಿ ಪೆಟ್ರೋಲ್ ಲೆಕ್ಕ ಬರೆಯುವ ಒಂದು ಹಳೇ ಡೈರಿ ಇದೆ. ಮೊನ್ನೆ ಅಪ್ಪ ಅಮ್ಮ ಇಬ್ಬರೇ ಕಾರಿನಲ್ಲಿ ಬೆಂಗಳೂರಿಗೆ ಬಂದರು. ಲಗೇಜ್ ಇಳಿಸುವಾಗ ತೆರೆದು ನೋಡಿದೆ. ಕಿಲೋಮೀಟರ್, ಲೀಟರ್, ದರದ ಪಕ್ಕ ಪೆನ್ನಿನಲ್ಲಿ ಗೆರೆ ಎಳೆದು ಹೊಸದೊಂದು ಕಾಲಂ ಮಾಡಿದ್ದಾರೆ. ಕೊನೆಯ ಸಾಲು: "ಘಾಟಿ, ಹೆಚ್ಚೆಂದರೆ 98. ಎಸಿ ಇತ್ತು."