ಏರ್ ಫಿಲ್ಟರ್ ಬಿಚ್ಚುವ ಮುನ್ನ ಸವದತ್ತಿ ಗುಡ್ಡ ನೋಡಿ

ಒಂದು ಲೀಟರ್ ಪೆಟ್ರೋಲ್ ಉರಿಯಲು ಹೆಚ್ಚುಕಡಿಮೆ ಹತ್ತು ಸಾವಿರ ಲೀಟರ್ ಗಾಳಿ ಬೇಕು. ತೂಕದ ಲೆಕ್ಕ ಹಾಕಿದರೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಕಿತ್ತೂರಿನಲ್ಲಿ ಹೆದ್ದಾರಿ ಬಿಟ್ಟು, ಬೈಲಹೊಂಗಲ ಹಾಯ್ದು, ಸವದತ್ತಿ ಮುಟ್ಟುವಷ್ಟರಲ್ಲಿ ಸಣ್ಣ ಕಾರೊಂದು ಮೂರೂವರೆ ಲೀಟರ್ ಪೆಟ್ರೋಲ್ ಕುಡಿದಿದ್ದರೆ, ಅದರ ಸಂಗಡ ಮೂವತ್ತೈದು ಸಾವಿರ ಲೀಟರ್ ಗಾಳಿಯನ್ನೂ ಎಳೆದುಕೊಂಡಿರುತ್ತದೆ. ಪೆಟ್ರೋಲಿನ ದರ ಎಲ್ಲರಿಗೂ ಬಾಯಿಪಾಠ. ಗಾಳಿ ಪುಕ್ಕಟೆ. ಹಾಗಾಗಿ ಅದು ಯಾವ ದಾರಿಯಿಂದ ಒಳಗೆ ಹೋಗುತ್ತದೆಂದು ಬಾನೆಟ್ ಎತ್ತಿ ನೋಡುವವರು ಕಡಿಮೆ.

ನೋಡುವವರೆಂದರೆ ಹರೆಯದ ಹುಡುಗರು. ಗ್ಯಾರೇಜಿನಲ್ಲಿ ಅವರು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಈ ಡಬ್ಬಿ ತಗದು ಕೋನ್ ಫಿಲ್ಟರ್ ಹಾಕಿದ್ರ ಪಿಕಪ್ ಬರ್ತೈತಂತಲ್ಲ, ಖರೇನ?" ವಯಸ್ಸಾದ ಮೇಸ್ತ್ರಿಯಾದರೆ ಉತ್ತರ ಹೀಗಿರುತ್ತದೆ: "ಆವಾಜ ಅಂತೂ ಬರ್ತೈತಿ ನೋಡಪಾ."

ಆ ಉತ್ತರದಲ್ಲಿ ಭೌತಶಾಸ್ತ್ರ ಬಹಳಷ್ಟಿದೆ. ಕಂಪನಿ ಕೊಟ್ಟ ದಾರಿಯನ್ನೇ ಮೊದಲು ನೋಡೋಣ. ಹೆಡ್‌ಲೈಟಿನ ಹಿಂದೆಯೋ ರೇಡಿಯೇಟರಿನ ಮೇಲಂಚಿನಲ್ಲೋ ಒಂದು ಚಪ್ಪಟೆ ಬಾಯಿ. ಅಲ್ಲಿಂದ ಪ್ಲಾಸ್ಟಿಕ್ ಕೊಳವೆ. ಕೆಲವು ಗಾಡಿಗಳಲ್ಲಿ ಅದರ ಪಕ್ಕಕ್ಕೊಂದು ಖಾಲಿ ಡಬ್ಬಿ. ಆಮೇಲೆ ಫಿಲ್ಟರ್ ಇರುವ ದೊಡ್ಡ ಡಬ್ಬಿ, ಮತ್ತೆ ಕೊಳವೆ, ಥ್ರಾಟಲ್, ಮ್ಯಾನಿಫೋಲ್ಡ್. ಆ ಖಾಲಿ ಡಬ್ಬಿಯೊಳಗೆ ಏನೂ ಇಲ್ಲದ್ದನ್ನು ಕಂಡು, ಕಂಪನಿಯವರು ಸುಮ್ಮನೆ ಪ್ಲಾಸ್ಟಿಕ್ ದಂಡ ಮಾಡಿದ್ದಾರೆಂದು ಕಿತ್ತೊಗೆಯುವವರಿದ್ದಾರೆ. ಅದರ ಅಳತೆ ಮಾತ್ರ ಸುಮ್ಮನೆ ಇಟ್ಟದ್ದಲ್ಲ. ವಾಲ್ವ್‌ಗಳು ತೆರೆದು ಮುಚ್ಚುವಾಗ ಗಾಳಿ ಏಕಸಮನೆ ಹರಿಯುವುದಿಲ್ಲ, ಮಿಡಿಯುತ್ತ ಹರಿಯುತ್ತದೆ. ಆ ಮಿಡಿತದಲ್ಲಿ ಕಿವಿಗೆ ಕಿರಿಕಿರಿಯಾಗುವ ಒಂದು ಕಂಪನಾಂಕವನ್ನು ಹಿಡಿದು ಅಡಗಿಸುವುದಷ್ಟೇ ಈ ಡಬ್ಬಿಯ ಕೆಲಸ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಇದರ ಗಣಿತ ಬರೆದಿಟ್ಟಿದ್ದಾನೆ. ಡಬ್ಬಿ ತೆಗೆದರೆ ಅಡಗಿದ್ದ ಸದ್ದು ಹೊರಗೆ ಬರುತ್ತದೆ. ಸದ್ದು ಏರಿದ ಗಾಡಿ ಜೋರಾಗಿ ಓಡುತ್ತಿದೆಯೆಂದು ಮನಸ್ಸು ತಾನೇ ತೀರ್ಮಾನಿಸಿಬಿಡುತ್ತದೆ.

ಕೊಳವೆಯ ಉದ್ದಕ್ಕೂ ಲೆಕ್ಕವಿದೆ. ವಾಲ್ವ್ ಮುಚ್ಚಿದ ಕ್ಷಣ, ರಭಸದಿಂದ ಬರುತ್ತಿದ್ದ ಗಾಳಿ ಅದಕ್ಕೆ ಬಡಿದು ಒತ್ತಡದ ಅಲೆಯೊಂದು ಹಿಂದಕ್ಕೆ ಓಡುತ್ತದೆ, ಕೊಳವೆಯ ತುದಿ ಮುಟ್ಟಿ ತಿರುಗಿ ಬರುತ್ತದೆ. ಅದು ಬಂದು ಸೇರುವ ಹೊತ್ತಿಗೆ ವಾಲ್ವ್ ಮತ್ತೆ ತೆರೆದಿದ್ದರೆ ಸಿಲಿಂಡರಿಗೆ ಒಂದಿಷ್ಟು ಗಾಳಿ ಹೆಚ್ಚೇ ಸಿಕ್ಕಿತು. ಉದ್ದ ಕೊಳವೆ ಕಡಿಮೆ ಆರ್‌ಪಿಎಂಗೆ ಹೊಂದುತ್ತದೆ, ಮೋಟು ಕೊಳವೆ ಹೆಚ್ಚಿನ ಆರ್‌ಪಿಎಂಗೆ. ಮನೆಮಂದಿಯನ್ನೆಲ್ಲ ತುಂಬಿಕೊಂಡು ಸವದತ್ತಿಯ ಯಲ್ಲಮ್ಮನ ಗುಡ್ಡ ಹತ್ತುವ ಕಾರು ಎರಡು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ ಎಳೆಯಬೇಕು. ರೇಸಿನ ಗಾಡಿಗೆ ಹೊಂದುವ ಮೋಟು ಕೊಳವೆ ಅಲ್ಲಿ ಕೈಕೊಡುತ್ತದೆ.

ಹಾಗಾದರೆ ಫಿಲ್ಟರ್ ಗಾಳಿಯನ್ನು ತಡೆಯುವುದೇ ಇಲ್ಲವೆ? ತಡೆಯುತ್ತದೆ. ಆದರೆ ಹೊಸ ಕಾಗದದ ಫಿಲ್ಟರ್, ಎಂಜಿನ್ ಪೂರ್ತಿ ಜೋರಿನಲ್ಲಿದ್ದಾಗಲೂ, ವಾತಾವರಣದ ಒತ್ತಡದಲ್ಲಿ ನೂರಕ್ಕೆ ಒಂದೆರಡು ಪಾಲಿಗಿಂತ ಹೆಚ್ಚು ತಿನ್ನುವುದು ಅಪರೂಪ. ಇದರ ಪಕ್ಕಕ್ಕೆ ನಮ್ಮ ಭೂಗೋಳ ಇಟ್ಟು ನೋಡಿ. ಈ ಸೀಮೆ ಸಮುದ್ರಮಟ್ಟದಿಂದ ಆರೇಳು ನೂರು ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇಕಡಾ ಆರರಷ್ಟು ತೆಳು. ಟರ್ಬೊ ಇಲ್ಲದ ಕಾರಿನ ಬ್ರೋಷರಿನಲ್ಲಿ 90 ಎಚ್‌ಪಿ ಎಂದಿದ್ದರೆ ಕಿತ್ತೂರಿನಲ್ಲಿ ಅದು 84ರ ಆಸುಪಾಸು. ಏಪ್ರಿಲ್ ಮಧ್ಯಾಹ್ನ ರಾಮದುರ್ಗದಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟಿದಾಗ, 25 ಡಿಗ್ರಿಯ ಬೆಳಗಿಗೆ ಹೋಲಿಸಿದರೆ ಇನ್ನೂ ಶೇಕಡಾ ಐದು ಹೋಯಿತು. ಡಬ್ಬಿ ಬಿಚ್ಚಿ ತೆರೆದ ಕೋನ್ ಕೂರಿಸಿದಿರೋ, ಅದು ರೇಡಿಯೇಟರಿನ ಹಿಂದಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಹೊರಗಿನ ಗಾಳಿ 35 ಡಿಗ್ರಿ, ಬಾನೆಟ್ ಕೆಳಗಿನದು 65 ಡಿಗ್ರಿ ಎಂದುಕೊಂಡರೆ ಸಾಂದ್ರತೆಯಲ್ಲಿ ಶೇಕಡಾ ಒಂಬತ್ತು ನಷ್ಟ. ಎರಡು ಉಳಿಸಲು ಹೋಗಿ ಒಂಬತ್ತು ಕಳೆದುಕೊಂಡ ಬಾಬತ್ತು ಇದು.

ಆವರೇಜಿನ ಮಾತೂ ಇದೆ. ಫಿಲ್ಟರ್ ಕಟ್ಟಿಕೊಂಡರೆ ಆವರೇಜ್ ಬೀಳುತ್ತದೆ ಎಂಬ ನಂಬಿಕೆ ಕಾರ್ಬೊರೇಟರ್ ಕಾಲದ್ದು, ಆಗ ಅದು ನಿಜವೂ ಆಗಿತ್ತು. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇಂಜೆಕ್ಷನ್ ಕಾರುಗಳ ಫಿಲ್ಟರನ್ನು ಬೇಕೆಂದೇ ಕಟ್ಟಿಸಿ ಪರೀಕ್ಷಿಸಿತು. ಆವರೇಜ್ ಹೇಳಿಕೊಳ್ಳುವಷ್ಟು ಕದಲಲಿಲ್ಲ, ಪೂರ್ತಿ ಒತ್ತಿದಾಗಿನ ಪಿಕಪ್ ಮಾತ್ರ ಇಳಿಯಿತು. ಕಾರಣ ಸರಳ. ಪೆಟ್ರೋಲ್ ಕಾರನ್ನು ಅರ್ಧ ಒತ್ತಿ ಓಡಿಸುವಾಗ ಗಾಳಿಗೆ ಅಡ್ಡ ನಿಂತಿರುವುದು ಥ್ರಾಟಲಿನ ತಟ್ಟೆ. ಫಿಲ್ಟರಿನ ಅಡ್ಡಿ ಅದರ ಮುಂದೆ ಏನೂ ಅಲ್ಲ. ಒಳಗೆ ಬಂದ ಗಾಳಿಯನ್ನು ಸೆನ್ಸರ್ ಅಳೆಯುತ್ತದೆ, ಅಷ್ಟಕ್ಕೆ ತಕ್ಕ ಪೆಟ್ರೋಲನ್ನು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಬಿಡುತ್ತದೆ.

ಇನ್ನು ಧೂಳು. ನನ್ನ ಮಟ್ಟಿಗೆ ಈ ಸೀಮೆಯಲ್ಲಿ ಚರ್ಚೆ ಶುರುವಾಗಬೇಕಾದದ್ದೇ ಇಲ್ಲಿಂದ.

ಬೈಲಹೊಂಗಲದ ಸುತ್ತ ಎರಿ ಹೊಲ. ಅಲ್ಲಿನ ಧೂಳಿನಲ್ಲಿ ಜೇಡಿ ಹೆಚ್ಚು. ಜೇಡಿಯ ಕಣ ಎರಡು ಮೈಕ್ರಾನಿಗಿಂತ ಸಣ್ಣದು, ಮೆತ್ತಗಿನದು. ಅದು ಫಿಲ್ಟರನ್ನು ಬೇಗ ಕಟ್ಟಿಸುತ್ತದೆ, ಎಂಜಿನ್ನಿಗೆ ಮಾಡುವ ಕೇಡು ಕಡಿಮೆ. ಪೂರ್ವಕ್ಕೆ ನಡೆದಂತೆ ಮಸಾರಿ ಬರುತ್ತದೆ, ಮರಳುಗಲ್ಲಿನ ಗುಡ್ಡಗಳು ಬರುತ್ತವೆ. ಮಲಪ್ರಭೆ ನವಿಲುತೀರ್ಥದಲ್ಲಿ ಸೀಳಿಕೊಂಡು ಹೋಗಿರುವುದು ಈ ಗುಡ್ಡಗಳನ್ನೇ. ನೂರು ಕೋಟಿ ವರ್ಷಕ್ಕೂ ಹಳೆಯದಾದ ಈ ಕಲಾದಗಿ ಶಿಲಾಸ್ತೋಮದ ಒಂದು ಭಾಗಕ್ಕೆ ಭೂವಿಜ್ಞಾನಿಗಳು ರಾಮದುರ್ಗದ ಹೆಸರನ್ನೇ ಇಟ್ಟಿದ್ದಾರೆ. ಅದರೊಳಗಿನ ಒಂದು ಪದರದ ಹೆಸರು ಸವದತ್ತಿ ಕ್ವಾರ್ಟ್‌ಜೈಟ್. ಕ್ವಾರ್ಟ್‌ಜೈಟ್ ಸವೆದು ಉದುರುವುದು ಕ್ವಾರ್ಟ್ಸ್ ಕಣವಾಗಿ. ಮೋಸ್ ಗಟ್ಟಿತನದ ಮಾಪಕದಲ್ಲಿ ಕ್ವಾರ್ಟ್ಸ್‌ಗೆ 7. ಸಿಲಿಂಡರಿನ ಎರಕದ ಕಬ್ಬಿಣ ಅದಕ್ಕಿಂತ ಮೆತ್ತಗೆ. ರಿಂಗ್ ಮತ್ತು ಸಿಲಿಂಡರಿನ ಗೋಡೆಯ ನಡುವಿನ ಎಣ್ಣೆಯ ಪೊರೆ ಕೆಲವೇ ಮೈಕ್ರಾನ್ ದಪ್ಪ. ಅದಕ್ಕಿಂತ ತುಸು ದಪ್ಪಗಿನ ಕ್ವಾರ್ಟ್ಸ್ ಕಣವೊಂದು ಒಳಗೆ ಸೇರಿದರೆ ಪಿಸ್ಟನ್ ಏರಿ ಇಳಿದಾಗಲೆಲ್ಲ ಗೀರುತ್ತದೆ. ಮೊದಲು ಆಯಿಲ್ ಕಡಿಮೆಯಾಗುತ್ತದೆ, ಆಮೇಲೆ ಗಾಡಿ ಹೊಗೆ ಹೊಡೆಯುತ್ತದೆ, ಕೊನೆಗೆ ಎಂಜಿನ್ ಇಳಿಸಿ ಬೋರ್ ಮಾಡಿಸುವ ಖರ್ಚು. ಟರ್ಬೊ ಗಾಡಿಯಾದರೆ ಧೂಳು ಮೊದಲು ಬಡಿಯುವುದು ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತುವ ಗಾಲಿಯ ಅಂಚಿಗೆ.

ಭಾರತ ಹುಣ್ಣಿಮೆಯ ಜಾತ್ರೆಗೆ ಸಾಲುಸಾಲು ಟ್ರ್ಯಾಕ್ಟರು, ಚಕ್ಕಡಿ ಯಲ್ಲಮ್ಮನ ಗುಡ್ಡದತ್ತ ಹೊರಟಾಗ ಮುಂದಿನ ಗಾಡಿಯೇ ಕಾಣದಂತೆ ಧೂಳು ಏಳುವುದುಂಟು. ಅಷ್ಟು ದಟ್ಟ ಧೂಳಿದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಒಂದು ಗ್ರಾಂ ಹತ್ತಿರ ಇರುತ್ತದೆ. ಒಳ್ಳೆಯ ಕಾಗದದ ಫಿಲ್ಟರ್ ನೂರಕ್ಕೆ 99 ಪಾಲು ಹಿಡಿಯುತ್ತದೆ ಎನ್ನೋಣ, ಗಾಳಿ ಸಲೀಸಾಗಿ ಬಿಡುವ ಇನ್ನೊಂದು 97 ಪಾಲು. ಎರಡೇ ಪಾಲಿನ ವ್ಯತ್ಯಾಸ ಅನ್ನಿಸುತ್ತದೆ. ಎಂಜಿನ್ ಮಾತ್ರ ಎಣಿಸುವುದು ದಾಟಿ ಬಂದದ್ದನ್ನು, ಅದು ಒಂದರಿಂದ ಮೂರಕ್ಕೆ ಏರಿತು.

ಎಣ್ಣೆ ಸವರಿದ ಹತ್ತಿಯ ಫಿಲ್ಟರುಗಳ ತೊಡಕು ಇದೇ. ಹತ್ತಿ ಬೆಳೆಯುವ ಬೈಲಹೊಂಗಲಕ್ಕೆ ಹತ್ತಿಯ ಮೇಲೆ ಮಮತೆ ಇರಬಹುದು, ಆದರೂ ಈ ಜಾತಿಯ ಫಿಲ್ಟರುಗಳು ಸಾಮಾನ್ಯವಾಗಿ ಕಾಗದಕ್ಕಿಂತ ಹೆಚ್ಚು ಸಣ್ಣ ಧೂಳನ್ನು ದಾಟಿಸುತ್ತವೆ. ತೊಳೆದು ಮತ್ತೆ ಎಣ್ಣೆ ಹಾಕುವಾಗ ಕೈ ಜೋರಾದರೆ ಆ ಎಣ್ಣೆ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಮೆತ್ತಿಕೊಂಡು ಲೆಕ್ಕ ಕೆಡಿಸುತ್ತದೆ. ಪೇಟೆಯ ಡಾಂಬರು ರಸ್ತೆಯಲ್ಲಷ್ಟೇ ಓಡುವವರ ಮಾತು ಬೇರೆ.

ಧೂಳನ್ನು ಹೇಗೆ ಕಟ್ಟಿಹಾಕಬೇಕೆಂದು ಹಳೆಯ ಟ್ರ್ಯಾಕ್ಟರಿನ ಆಯಿಲ್ ಬಾತ್ ಏರ್ ಕ್ಲೀನರ್ ನೋಡಿ ಕಲಿಯಬೇಕು. ಗಾಳಿ ನಡುವಿನ ಕೊಳವೆಯಲ್ಲಿ ನೇರ ಕೆಳಗಿಳಿದು, ಎಣ್ಣೆಯ ಮುಖಕ್ಕೆ ಬಂದು, ಗಕ್ಕನೆ ಮೇಲಕ್ಕೆ ಹೊರಳುತ್ತದೆ. ಹಗುರ ಗಾಳಿ ಹೊರಳಬಲ್ಲದು, ಭಾರದ ಕಣ ಹೊರಳಲಾರದೆ ಎಣ್ಣೆಗೆ ಬೀಳುತ್ತದೆ. ಕಣದಲ್ಲಿ ತೂರುವಾಗ ಹೊಟ್ಟು ಗಾಳಿಯ ಸಂಗಡ ಹೋಗಿ ಕಾಳು ನಿಂತಲ್ಲೇ ಬೀಳುವುದೂ ಇದೇ ನಿಯಮದಿಂದ. ತಪ್ಪಿಸಿಕೊಂಡ ಸಣ್ಣದನ್ನು ಎಣ್ಣೆ ಮೆತ್ತಿದ ತಂತಿಯ ಜಾಳಿಗೆ ಹಿಡಿಯುತ್ತದೆ. ಕೆಳಗಿನ ಬಟ್ಟಲು ಬಿಚ್ಚಿ, ತಳದ ಕೆಸರನ್ನು ಬೆರಳಿನಿಂದ ಬಳಿದು ಚೆಲ್ಲಿ, ಡೀಸೆಲಿನಲ್ಲಿ ತೊಳೆದು, ಗುರುತಿನ ಗೆರೆಯವರೆಗೆ ಹೊಸ ಆಯಿಲ್ ಹಾಕುವುದು ನಮ್ಮ ರೈತರಿಗೆ ಕೈಬಳಕೆಯ ಕೆಲಸ. ಅದೇ ರೈತ ತನ್ನ ಕಾರಿನ ಫಿಲ್ಟರಿಗೆ ಮಾತ್ರ ಕಂಪ್ರೆಸರಿನಿಂದ ಏರ್ ಹೊಡೆಸಿ ಹಾಕಿಕೊಂಡು ಹೋಗುತ್ತಾನೆ. ಕಾಗದದ ನಾರುಗಳ ನಡುವೆ ಕೂತ ಧೂಳು ತಾನೂ ಒಂದು ಜಾಲರಿಯಾಗಿ ಇನ್ನಷ್ಟು ಧೂಳು ಹಿಡಿಯುತ್ತದೆ. ತುಸು ಮಾಸಿದ ಫಿಲ್ಟರ್ ಹೊಚ್ಚಹೊಸದಕ್ಕಿಂತ ಚೆನ್ನಾಗಿ ಸೋಸುವುದು ಹೀಗೆ. ಜೋರು ಏರ್ ಹೊಡೆದರೆ ಆ ಪದರ ಹಾರಿ, ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ.

ತಂಪು ಗಾಳಿಗೆಂದು ಕೊಳವೆಯ ಬಾಯನ್ನು ಬಂಪರಿನ ಕೆಳಕ್ಕೆ ಇಳಿಸುವವರಿಗೂ ಒಂದು ಮಾತು. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗದೊಳಗೆ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಅಂಥ ಪ್ರವಾಹವೇ ಬೇಕೆಂದಿಲ್ಲ, ಹಳ್ಳದ ಮೊಣಕಾಲುದ್ದ ನೀರು ಸಾಕು. ನೀರನ್ನು ಗಾಳಿಯಂತೆ ಒತ್ತಿ ಸಣ್ಣದು ಮಾಡಲು ಬರುವುದಿಲ್ಲ. ಸಿಲಿಂಡರಿಗೆ ನೀರು ಹೋದರೆ ಬಾಗುವುದು ಕನೆಕ್ಟಿಂಗ್ ರಾಡ್. ಕಂಪನಿಯವರು ಆ ಬಾಯನ್ನು ಮೇಲಿಟ್ಟದ್ದು ಇದಕ್ಕೇ. ಮಾರ್ಪಾಡಿಗೆ ವಾರಂಟಿಯ ತಕರಾರು ಬೇರೆ ಇದೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಇದೆ.

ಇಷ್ಟಾದರೂ ಕೈ ಸುಮ್ಮನಿರದಿದ್ದರೆ ಮಾಡಲು ಒಂದು ಕೆಲಸವಿದೆ. ಫಿಲ್ಟರ್ ಡಬ್ಬಿಯಿಂದ ಥ್ರಾಟಲಿಗೆ ಹೋಗುವ ಕೊಳವೆ ಕಳಚಿ, ಒಳಗೋಡೆಗೆ ಬಿಳಿ ಅರಿವೆ ಒರೆಸಿ, ಬೆರಳ ನಡುವೆ ತಿಕ್ಕಿ ನೋಡಿ. ಗರಗರ ಹತ್ತಿದರೆ ಫಿಲ್ಟರಿನ ಅಂಚಿನ ರಬ್ಬರ್ ಸರಿಯಾಗಿ ಕೂತಿಲ್ಲ, ಇಲ್ಲವೆ ಡಬ್ಬಿಯ ಕ್ಲಿಪ್ ಮುರಿದಿದೆ, ಧೂಳು ಫಿಲ್ಟರನ್ನು ಬಳಸಿಕೊಂಡು ಹೋಗುತ್ತಿದೆ. ಮುರಿದ ಕ್ಲಿಪ್ಪಿಗೆ ತಂತಿ ಸುತ್ತಿ ಕಳಿಸುವ ರೂಢಿ ನಮ್ಮ ಕಡೆ ಇದೆ. ತಂತಿ ಒಂದು ಮೂಲೆಯನ್ನು ಬಿಗಿದರೆ ಎದುರಿನ ಮೂಲೆ ಎದ್ದು ನಿಲ್ಲುತ್ತದೆ. ಮುಚ್ಚಳವನ್ನೇ ಹೊಸದು ತರಿಸಿ.