ತುಪ್ಪಕ್ಕೆ ಹೆದರಬೇಡಿ, ಗಂಟನ್ನು ಮುಚ್ಚಿಡಬೇಡಿ

ಭಾಲ್ಕಿ, ಔರಾದ್ ಕಡೆಯ ಸಂಘಗಳಿಗೆ ಹೋದಾಗ ಅಕ್ಕಂದಿರು ಕೇಳುವುದುಂಟು: "ಡಾಕ್ಟ್ರೇ, ಫ್ಯಾಟ್ ಜಾಸ್ತಿ ಇದ್ರ ಹಾಲಿಗೆ ರೇಟ್ ಜಾಸ್ತಿ ಸಿಗ್ತದ. ಅದೇ ಫ್ಯಾಟ್ ನಾವು ತಿಂದ್ರ ಎದಿ ಕ್ಯಾನ್ಸರ್ ಬರ್ತದಂತ, ಖರೇ ಏನ್ರಿ?"

ನಾನು ದನಗಳ ಡಾಕ್ಟರ್. ಆದರೂ ದೊಡ್ಡ ಅಧ್ಯಯನವೊಂದು ಕಂಡುಕೊಂಡಿದ್ದನ್ನು ತಿಳಿಸಬಲ್ಲೆ. 1993ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಅಧ್ಯಯನದಲ್ಲಿ ಮುಟ್ಟು ನಿಂತ 48,835 ಮಹಿಳೆಯರಿದ್ದರು. ಒಂದು ಗುಂಪಿನವರಿಗೆ ಊಟದಲ್ಲಿ ಕೊಬ್ಬು ಕಡಿಮೆ ಮಾಡಿಸಿ, ಎಲ್ಲರನ್ನೂ ಸುಮಾರು 8 ವರ್ಷ ಗಮನಿಸಿದರು. 2006ರಲ್ಲಿ ಫಲಿತಾಂಶ ಬಂತು. ಕೊಬ್ಬು ಕಡಿಮೆ ತಿಂದವರಲ್ಲಿ ಸ್ತನ ಕ್ಯಾನ್ಸರ್ ಶೇ. 9ರಷ್ಟು ಕಡಿಮೆ ಇತ್ತು. ಆದರೆ ಅದು ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣ ವ್ಯತ್ಯಾಸ. ಹಾಗಾಗಿ ರೊಟ್ಟಿಗೆ ಸವರುವ ಒಂದು ಚಮಚ ತುಪ್ಪಕ್ಕೆ ಹೆದರಬೇಕಿಲ್ಲ.

ತಟ್ಟೆಯಲ್ಲಿನ ಕೊಬ್ಬಿಗಿಂತ ಮೈಯಲ್ಲಿನ ಕೊಬ್ಬು ಮುಖ್ಯ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಎಂಬ ಹಾರ್ಮೋನು ಹೆಚ್ಚಾಗಿ ಮೈಯ ಕೊಬ್ಬಿನಲ್ಲೇ ತಯಾರಾಗುತ್ತದೆ. ಬೊಜ್ಜು ಹೆಚ್ಚಿದಂತೆ ಈ ಹಾರ್ಮೋನೂ ಹೆಚ್ಚುತ್ತದೆ, ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಆದ್ದರಿಂದ ತುಪ್ಪ, ಎಣ್ಣೆ, ಕರಿದ ತಿಂಡಿ, ಸಿಹಿ ಎಲ್ಲವೂ ಮಿತಿಯಲ್ಲಿರಲಿ. ಮೈ ಬಗ್ಗಿಸಿ ದುಡಿಯುವುದು, ಮಕ್ಕಳಿಗೆ ಎದೆಹಾಲು ಕುಡಿಸುವುದು ಅಪಾಯವನ್ನು ತಗ್ಗಿಸುತ್ತವೆ.

ನನ್ನ ಚಿಂತೆ ಇರುವುದು ಇನ್ನೊಂದು ವಿಷಯದಲ್ಲಿ. ದೇವಣಿ ಆಕಳಾಗಲಿ, ಎಮ್ಮೆಯಾಗಲಿ, ಕೆಚ್ಚಲು ಗಟ್ಟಿಯಾದರೆ ಅಥವಾ ಹಾಲು ಒಡೆದಂತೆ ಬಂದರೆ ನೀವು ಅದೇ ದಿನ ಫೋನ್ ಮಾಡುತ್ತೀರಿ. ನಿಮ್ಮದೇ ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ ಮಾತ್ರ "ನೋವಿಲ್ಲ, ಇರಲಿ ಬಿಡು" ಎಂದು ಸುಮ್ಮನಾಗುವವರೇ ಹೆಚ್ಚು. ಕೆಚ್ಚಲು ಬಾವು ಸಾಮಾನ್ಯವಾಗಿ ನೋಯುತ್ತದೆ. ಕ್ಯಾನ್ಸರ್ ಗಂಟು ಮೊದಮೊದಲು ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲವೆಂದು ಕಾಯುವುದೇ ಅಪಾಯ.

ಈ ಲಕ್ಷಣಗಳಲ್ಲಿ ಒಂದು ಕಂಡರೂ ತಡಮಾಡದೆ ತೋರಿಸಿ:

• ಎದೆಯಲ್ಲಿ ಅಥವಾ ಕಂಕುಳಲ್ಲಿ ಗಂಟು
• ತೊಟ್ಟು ಹೊಸದಾಗಿ ಒಳಗೆ ಸರಿಯುವುದು, ತೊಟ್ಟಿನಿಂದ ರಕ್ತ ಬರುವುದು
• ಚರ್ಮ ಗುಳಿ ಬೀಳುವುದು, ಕಿತ್ತಳೆ ಸಿಪ್ಪೆಯಂತಾಗುವುದು

ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರು. 30 ವರ್ಷ ದಾಟಿದವರಿಗೆ ಸ್ತನ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಭಾಲ್ಕಿ, ಔರಾದ್ ತಾಲ್ಲೂಕು ಆಸ್ಪತ್ರೆಗೆ ಅಥವಾ ಬೀದರ್‌ನ ಬ್ರಿಮ್ಸ್‌ಗೆ ಹೋಗಬಹುದು. ಮುಂದಿನ ಚಿಕಿತ್ಸೆ ಬೇಕಾದರೆ ಕಲಬುರಗಿಯಲ್ಲಿ ಕಿದ್ವಾಯಿ ಘಟಕವಿದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಆ ದಿನ ಹಾಲು ಕರೆದು ಡೇರಿಗೆ ಹಾಕುವ ಕೆಲಸ ಮನೆಯವರು ನೋಡಿಕೊಳ್ಳಲಿ. ನೀವು ಆಸ್ಪತ್ರೆಗೆ ಹೋಗಿ ಬನ್ನಿ.